ಅಪ್ಪ ಹಗಲು ಕಾಣಿಸುವುದಿಲ್ಲ

ಕ್ಯಾಮೆರಾ ಹಾಕಿದ ಮಾರನೆಯ ವಾರ, ನನ್ನ ಅಪ್ಪ ಹಗಲು ಹೊತ್ತು ಕೆಲಸಕ್ಕೆ ಬರುತ್ತಿಲ್ಲ ಎಂದು ತೀರ್ಮಾನವಾಯಿತು. ಈ ತೀರ್ಮಾನವನ್ನು ಬಡಾವಣೆಯ ಸಂಘದ ಕಾರ್ಯದರ್ಶಿ ಮುರುಗೇಶಪ್ಪನವರು ಅಪ್ಪನ ಕೈಯಿಂದಲೇ ಪೇಪರ್ ಇಸಿದುಕೊಳ್ಳುತ್ತ ಅವನಿಗೆ ತಿಳಿಸಿದರು.

"ಹೊನ್ನಯ್ಯ, ಬೆಳಗ್ಗೆ ಹೊತ್ತು ನೀನು ಬರ್ತಾನೇ ಇಲ್ವಲ್ಲೋ."

"ಬಂದಿದೀನಲ್ಲ ಯಜಮಾನ್ರೇ. ಪೇಪರ್ ಕೊಡ್ತಾ ಇರೋದು ಯಾರು ಮತ್ತೆ?"

"ನನಗೆ ಕಾಣ್ತೀಯ ಮಾರಾಯ. ನಾನೆಲ್ಲಿ ಇಲ್ಲ ಅಂದೆ? ರೆಕಾರ್ಡಲ್ಲಿ ಇಲ್ಲ. ನಾನು ನೋಡಿದ್ದು ನನ್ನ ಅಭಿಪ್ರಾಯ. ಕ್ಯಾಮೆರಾ ನೋಡಿದ್ದು ದಾಖಲೆ."

ನಮ್ಮ ಬಡಾವಣೆ ನವುಲೆ ದಾಟಿ ಸ್ವಲ್ಪ ಮುಂದಿದೆ. ಅಪ್ಪ ಅದರ ಗೇಟು ಕಾಯುತ್ತಾನೆ. ಗೇಟಿನ ಪಕ್ಕದ ಒಂದು ರೂಮಿನಲ್ಲಿ ನಾವು ಮೂವರೂ ಇದ್ದೇವೆ. ಅಮ್ಮ ಒಂದು ಹಾಸ್ಟೆಲ್ಲಿನ ಅಡುಗೆಮನೆಗೆ ಹೋಗುತ್ತಾಳೆ, ಹೊತ್ತು ಮುಳುಗಿದ ಮೇಲೆ ಬರುತ್ತಾಳೆ. ನಾನು ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಸಂಘದ ಆಫೀಸು ಗುಡಿಸಿ ಒರೆಸಿ, ಮುರುಗೇಶಪ್ಪನವರಿಗೆ ಕಾಫಿ ಕಾಸಿ ಕೊಡುತ್ತೇನೆ. ಕ್ಯಾಮೆರಾ ತೋರಿಸುವ ಟಿವಿ ಅದೇ ಆಫೀಸಿನ ಗೋಡೆಯಲ್ಲಿರುವುದರಿಂದ ಉಳಿದ ಹೊತ್ತಿನಲ್ಲಿ ಅದನ್ನು ನೋಡುತ್ತೇನೆ. ನನ್ನನ್ನು ಯಾರೂ ಮಾತಾಡಿಸುವುದಿಲ್ಲ, ನಾನೂ ಮಾತಾಡುವುದು ಕಡಿಮೆ.

ಗೇಟಿನ ಒಳಗೆ ಆಫೀಸಿನ ಮುಂದೆ ಒಂದು ಪೋರ್ಟಿಕೋ ಇದೆ. ಮುರುಗೇಶಪ್ಪನವರ ಮೇಜು ಅಲ್ಲೇ, ನೆರಳಿನಲ್ಲಿ. ಕ್ಯಾಮೆರಾ ಅವರ ಬೆನ್ನ ಹಿಂದಿನ ಗೋಡೆಯ ಮೇಲೆ, ರಸ್ತೆಯ ಕಡೆ ಮುಖ ಮಾಡಿ ಕೂತಿದೆ. ಹಾಗಾಗಿ ಟಿವಿಯಲ್ಲಿ ಅರ್ಧ ಪೋರ್ಟಿಕೋ, ಅರ್ಧ ಗೇಟು. ಗೇಟಿನ ಹತ್ತಿರ ಬಯಲಿನಲ್ಲಿ ಅಪ್ಪನ ಕುರ್ಚಿ. ಕ್ಯಾಮೆರಾ ಹಾಕಿದ ಹುಡುಗ ವೀರೇಂದ್ರ ಅದನ್ನು ಸರಿ ಮಾಡಿದ್ದು ಒಂದು ಮೋಡದ ಸಂಜೆ. ಆಗ ಇದ್ದ ಬೆಳಕಿಗೆ ಹೊಂದಿಸಿ, ಲ್ಯಾಪ್‌ಟಾಪ್ ಮುಚ್ಚಿ ಹೋಗಿದ್ದ. ಮಾರನೆಯ ಬೆಳಗ್ಗೆ ಎದುರು ಮನೆಯ ನೀರಿನ ಟ್ಯಾಂಕಿಯ ಮೇಲೆ ಸೂರ್ಯ ಬಂದದ್ದೇ ತಡ, ಗೇಟಿನ ಕಡೆಯ ಅರ್ಧ ಚಿತ್ರ ಆಗತಾನೇ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗಾಯಿತು. ಅಪ್ಪನ ತಲೆ ಬಿಳಿ, ಸಂಘ ಕೊಟ್ಟ ಅಂಗಿ ಬಿಳಿ, ಪಂಚೆ ಬಿಳಿ, ಕುರ್ಚಿಯೂ ಬಿಳಿ. ಅವನಿದ್ದ ಗುರುತೇ ಉಳಿಯಲಿಲ್ಲ.

ಬಿಸಿಲು ಇಳಿಯುತ್ತಿದ್ದ ಹಾಗೆ ಅವನು ಮತ್ತೆ ಬರುತ್ತಿದ್ದ. ಮೊದಲು ಹುಬ್ಬು ಬರುತ್ತಿತ್ತು. ಆಮೇಲೆ ಚಪ್ಪಲಿಯ ಪಟ್ಟಿ. ಆಮೇಲೆ ಬೆಲ್ಟು. ಕೊನೆಗೆ ಇವುಗಳ ನಡುವೆ ಮನುಷ್ಯ. ಅಪ್ಪ ಸಂಜೆ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಡ್ಯೂಟಿಗೆ ಬರುತ್ತಾನೆ ಎಂದು ಸಂಘದ ಕಮಿಟಿಯವರು ತಮ್ಮ ತಮ್ಮ ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡರು.

ನಾನು ಅಪ್ಪನ ಕುರ್ಚಿಯನ್ನು ಪೋರ್ಟಿಕೋದ ನೆರಳಿಗೆ ಎಳೆದು ಹಾಕಿದೆ. ಚೆನ್ನಾಗಿ ಕಂಡ. ವಾಚ್‌ಮನ್ ಗೇಟು ಬಿಟ್ಟು ಒಳಗೆ ಬಂದು ಕೂತಿದ್ದಾನೆ ಎಂದು ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ಕುರ್ಚಿ ಮತ್ತೆ ಬಿಸಿಲಿಗೆ ಹೋಯಿತು. ಆಮೇಲೆ ಅಪ್ಪ ಹೊಳಲೂರಿನಿಂದ ತಂದಿದ್ದ ಕರಿ ಕಂಬಳಿ ಹೊದ್ದು ಕೂತ. ಬೇಸಿಗೆಯ ಬಿಸಿಲಿನಲ್ಲಿ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಟಿವಿಯಲ್ಲಿ ಈಗ ಏನೋ ಒಂದು ಕಾಣಿಸುತ್ತಿತ್ತು, ನಿಜ. ಆದರೆ ಗೇಟಿನ ಹತ್ತಿರ ಕರಡಿ ಬಂದಿದೆ ಎಂದು ಮೂಲೆ ಮನೆಯವರು ಗ್ರೂಪಿಗೆ ಹಾಕಿದರು. ಸಕ್ರೆಬೈಲಿಗೆ ಫೋನು ಮಾಡಿ ಎಂದರು ಒಬ್ಬರು. ಅಲ್ಲಿ ಆನೆ ಮಾತ್ರ ನೋಡಿಕೊಳ್ಳುತ್ತಾರೆ ಎಂದರು ಇನ್ನೊಬ್ಬರು. ಈ ಚರ್ಚೆ ನಡೆಯುವಾಗ ಮೂಲೆ ಮನೆಯವರ ಮಗಳು ಅದೇ ಕರಡಿಯ ಹತ್ತಿರ ಕೊರಿಯರ್ ಇಸಿದುಕೊಂಡು ಹೋದಳು.

ಮುರುಗೇಶಪ್ಪನವರು ಅಪ್ಪನನ್ನು ಕರೆದರು.

"ನೋಡು ಹೊನ್ನಯ್ಯ, ಕಮಿಟಿಯವರಿಗೆ ಸೆಕ್ಯುರಿಟಿ ಏಜೆನ್ಸಿ ಹುಡುಗರು ಬೇಕಂತೆ. ತಿಂಗಳು ಮುಗಿಯೋದ್ರೊಳಗೆ ನೀನು ಹಗಲು ಹೊತ್ತು ಬರಕ್ಕೆ ಶುರು ಮಾಡ್ಲಿಲ್ಲ ಅಂದ್ರೆ ರೂಮೂ ಖಾಲಿ ಮಾಡ್ಬೇಕಾಗುತ್ತೆ. ನನಗೂ ಬೇಜಾರು."

"ಬಂದೇ ಇದೀನಲ್ಲ ಯಜಮಾನ್ರೇ," ಎಂದ ಅಪ್ಪ. ಅವನಿಗೆ ಬೇರೆ ಉತ್ತರ ಗೊತ್ತಿರಲಿಲ್ಲ.

"ಕ್ಯಾಮೆರಾನೇ ಸರಿ ಮಾಡಿಸಿದ್ರೆ?" ಎಂದೆ ನಾನು, ಕಾಫಿ ಲೋಟ ಇಡುತ್ತ. ಇಬ್ಬರೂ ನನ್ನ ಕಡೆ ನೋಡಿದರು. ಮುರುಗೇಶಪ್ಪನವರು ನಿಟ್ಟುಸಿರು ಬಿಟ್ಟರು.

ವೀರೇಂದ್ರ ಅವರ ಅಕ್ಕನ ಮಗ. ಅಕ್ಕ ವೀರಮ್ಮ ಇರುವುದು ಭದ್ರಾವತಿಯಲ್ಲಿ. ಸ್ವಂತ ಸೋದರಳಿಯ ಎಂದೇ ಕ್ಯಾಮೆರಾ ಕೆಲಸ ಅವನಿಗೆ ಕೊಟ್ಟಿದ್ದರು. ಅದಾದ ನಾಲ್ಕು ದಿನಕ್ಕೆ ಮುರುಗೇಶಪ್ಪನವರ ಮೊಮ್ಮಗನ ನಾಮಕರಣ ಇತ್ತು. ಭದ್ರಾವತಿಗೆ ಹೋಗಿ, ಕುಂಕುಮ ಕೊಟ್ಟು, ಮನೆಮಗಳನ್ನು ಕರೆದು ಬರಬೇಕಿತ್ತು. ಬಿಸಿಲು ಜಾಸ್ತಿ ಎಂದು ವಾಟ್ಸಾಪಿನಲ್ಲಿ ಕಾರ್ಡು ಕಳಿಸಿಬಿಟ್ಟಿದ್ದರು. ವೀರಮ್ಮ ಬರಲಿಲ್ಲ. ವೀರೇಂದ್ರ ಅವತ್ತಿನಿಂದ ಮಾವನ ಫೋನು ಎತ್ತುತ್ತಿಲ್ಲ. ಕ್ಯಾಮೆರಾದ ಪಾಸ್‌ವರ್ಡ್ ಅವನ ಹತ್ತಿರ ಮಾತ್ರ ಇದೆ.

"ತವರು ಮನೆಯವರು ಕುಂಕುಮ ಇಲ್ದೆ ಕರೆದ್ರು ಅಂತ ಅಕ್ಕ, ಅಕ್ಕನ್ನ ಕರೀಲಿಲ್ಲ ಅಂತ ಇವ್ನು," ಎಂದರು ಮುರುಗೇಶಪ್ಪನವರು. "ಮಧ್ಯ ಹೊನ್ನಯ್ಯ ಮಾಯ ಆದ."

ಅವರ ಹೆಂಡತಿ ಪುಷ್ಪಮ್ಮ ಸಮಾಧಾನ ಮಾಡಲು ತಾವೇ ಭದ್ರಾವತಿಗೆ ಹೊರಟರು. ಹಣ್ಣಿನ ಚೀಲ ಹಿಡಿಯಲು ನಾನು. ಬಸ್ಸಿನ ದಾರಿಯುದ್ದಕ್ಕೂ ಅವರು ಕುಂಕುಮದ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಮುಚ್ಚಿದ್ದರು, ಒಳಗೆ ಏನೋ ಜೀವ ಇರುವ ಹಾಗೆ.

ವೀರಮ್ಮನವರ ಮನೆ ನ್ಯೂಟೌನಿನಲ್ಲಿ. ಗಂಡ ಕಾರ್ಖಾನೆಯಿಂದ ನಿವೃತ್ತರಾದವರು, ಟಿವಿ ಮುಂದಿನಿಂದ ಏಳಲಿಲ್ಲ. ವೀರಮ್ಮ ಬಾಗಿಲಿಗೇ ಬಂದರು.

"ಬಾ ಪುಷ್ಪಾ. ಫೋನಲ್ಲೇ ಬಂದು ಹೋಗ್ತೀಯೇನೋ ಅನ್ಕೊಂಡಿದ್ದೆ."

ಪುಷ್ಪಮ್ಮ ನಗುವ ಪ್ರಯತ್ನ ಮಾಡಿ, ಕೂತು, ಭರಣಿಯ ಮುಚ್ಚಳ ತೆಗೆದರು. ವೀರಮ್ಮ ಹಣೆ ಮುಂದೆ ತರಲಿಲ್ಲ.

"ಏನ್ ಕಾರ್ಯ?"

"ಕಾರ್ಯ ಅಂತ ಏನಿಲ್ಲ ಅತ್ತಿಗೆ. ಅವತ್ತು ತಪ್ಪಾಯ್ತು, ಅದಕ್ಕೇ..."

"ಕಾರ್ಯ ಇಲ್ದೆ ಕುಂಕುಮ ಹಿಡ್ಕೊಂಡು ಬರ್ತಾರೇನೇ? ಕಾರ್ಯ ಇದ್ದಾಗ ಕುಂಕುಮ ಇರ್ಲಿಲ್ಲ, ಈಗ ಕುಂಕುಮ ಇದೆ, ಕಾರ್ಯ ಇಲ್ಲ. ನಿಮ್ಮನೇಲಿ ಎರಡೂ ಒಟ್ಟಿಗೆ ಬರಲ್ವಾ?"

ಒಳಗಿನ ರೂಮಿನಿಂದ ವೀರೇಂದ್ರ ನಕ್ಕ ಸದ್ದು ಕೇಳಿಸಿತು. ತೆಗೆದ ಭರಣಿ ಹಾಗೇ ಮುಚ್ಚುವುದು ಒಳ್ಳೆಯದಲ್ಲ ಎಂಬುದು ಪುಷ್ಪಮ್ಮನ ಮುಖದಲ್ಲಿತ್ತು. ಅವರು ಸಹಾಯಕ್ಕೆ ವೀರಮ್ಮನ ಗಂಡನ ಕಡೆ ನೋಡಿದರು, ಟಿವಿ ಕಡೆ ನೋಡಿದರು, ಕೊನೆಗೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಪೂಜೆ ಅತ್ತಿಗೆ," ಎಂದುಬಿಟ್ಟರು. "ಕ್ಯಾಮೆರಾ ಪೂಜೆ. ಭಾನುವಾರ ಇಟ್ಕೊಂಡಿದೀವಿ. ನೀವಿಲ್ದೆ ಆಗಲ್ಲ."

ವೀರಮ್ಮ ಭರಣಿಯೊಳಗೆ ಇಣುಕಿದರು. "ಹಾಕಿ ಇಷ್ಟು ದಿನ ಆದ್ಮೇಲಾ?"

"ಮುಹೂರ್ತ ಇರ್ಲಿಲ್ಲ."

ವೀರಮ್ಮ ಹಣೆ ಮುಂದೆ ತಂದರು.

ಹೀಗೆ ನಮ್ಮ ಕ್ಯಾಮೆರಾಕ್ಕೆ ಪೂಜೆ ಗೊತ್ತಾಯಿತು. ಗೊತ್ತಾದ ಮೇಲೆ ಸುಮ್ಮನೆ ಮಾಡುವ ಹಾಗಿಲ್ಲ. ಗೇಟಿನಿಂದ ಪೋರ್ಟಿಕೋವರೆಗೆ ಕೆಂಪು ಹಸಿರು ಪಟ್ಟೆಯ ಶಾಮಿಯಾನ ಬಂತು. ಬಾಳೆಕಂದು ಬಂತು. ಸಿಹಿಗೆ ಗೋಧಿ ಪಾಯಸವೋ ಹೋಳಿಗೆಯೋ ಎಂದು ಎರಡು ದಿನ ಮಾತಾಡಿ ಎರಡನ್ನೂ ಮಾಡಿದರು. ಭಾನುವಾರ ಭದ್ರಾವತಿಯಿಂದ ಒಂದು ಟೆಂಪೊ ತುಂಬ ಜನ ಇಳಿದರು. ಯಾರ ಮದುವೆ ಎಂದು ಅವರಲ್ಲೊಬ್ಬರು ಅಪ್ಪನನ್ನು ಕೇಳಿದರು. ಅಪ್ಪ ಗೋಡೆಯ ಮೇಲಿನ ಕ್ಯಾಮೆರಾದ ಕಡೆ ಬೆರಳು ತೋರಿಸಿದ.

ಪೂಜೆಗೆ ಬಂದ ಅಯ್ಯನವರು ಏಣಿ ಹತ್ತಿ, ಮಂತ್ರ ಹೇಳುತ್ತ, ಕ್ಯಾಮೆರಾದ ಮುಖಕ್ಕೆ ನೇರವಾಗಿ ಮೂರು ಬೆರಳಿನ ವಿಭೂತಿ ಹಚ್ಚಿಬಿಟ್ಟರು. ಟಿವಿಯಲ್ಲಿ ಇಡೀ ಬಡಾವಣೆ ಮೂರು ಪಟ್ಟೆಯ ಹಿಂದೆ ಹೋಯಿತು.

"ಅಯ್ಯೋ, ಗಾಜಿಗೆ ಹಚ್ಬಾರ್ದು!" ಎಂದ ವೀರೇಂದ್ರ.

"ಹಣೆ ಎಲ್ಲಪ್ಪ ಮತ್ತೆ ಇದಕ್ಕೆ?" ಎಂದರು ಅಯ್ಯನವರು ಏಣಿಯ ಮೇಲಿಂದಲೇ.

ಅದನ್ನು ಒರೆಸಿ, ಮಂಗಳಾರತಿ ಮಾಡಿ, ಮೊದಲ ತಾಂಬೂಲ ವೀರಮ್ಮನಿಗೇ ಕೊಟ್ಟ ಮೇಲೆ ವೀರೇಂದ್ರ ಶಾಮಿಯಾನದ ಕೆಳಗೆ ಲ್ಯಾಪ್‌ಟಾಪ್ ತೆರೆದ. ಅವನ ಹಿಂದೆ ಎಲ್ಲರೂ ಕಿಕ್ಕಿರಿದು ನಿಂತರು. ಅವನು ಖುಷಿಯಲ್ಲಿದ್ದ, ವಿವರಿಸಿದ.

"ಇದು ಎಕ್ಸ್‌ಪೋಷರ್. ಅಂದ್ರೆ ಕ್ಯಾಮೆರಾ ಒಂದೊಂದ್ಸಲ ಎಷ್ಟು ಹೊತ್ತು ಕಣ್ಣು ಬಿಡ್ಬೇಕು ಅಂತ. ಜಾಸ್ತಿ ಬಿಟ್ರೆ ಎಲ್ಲ ಬೆಳ್ಳಗೆ. ಕಮ್ಮಿ ಬಿಟ್ರೆ ಎಲ್ಲ ಕಪ್ಪಗೆ. ಬಿಸಿಲು ನೆರಳು ಎರಡನ್ನೂ ಒಟ್ಟಿಗೆ ತೋರ್ಸೋ ಕ್ಯಾಮೆರಾನೂ ಇದೆ. ಮಾವ ಆರಿಸಿದ್ದು ಇದು."

"ಇದ್ರ ಬಣ್ಣ ಚೆನ್ನಾಗಿತ್ತು," ಎಂದರು ಮುರುಗೇಶಪ್ಪನವರು.

ವೀರೇಂದ್ರ ಏನೋ ಒತ್ತಿದ. ಚಿತ್ರದಲ್ಲಿ ಜನ ಬಂದರು. ಸಾಕೆಂದು ಅವನು ಮುಚ್ಚಲು ಹೋದಾಗ ವೀರಮ್ಮ, "ನನ್ ಸೀರೆ ಮಾವಿನ ಚಿಗುರಿನ ಬಣ್ಣ ಕಣೋ. ಇದರಲ್ಲಿ ಹಸಿ ಸಗಣಿ ಹಾಗೆ ಕಾಣ್ತಿದೆ. ಸರಿ ಮಾಡು," ಎಂದರು. ಅವನು ಮತ್ತೆ ಕೂತ. ಸೀರೆಯ ಬಣ್ಣ ಅವರ ಮನಸ್ಸಿಗೆ ಬರುವವರೆಗೂ ಏಳಲಿಲ್ಲ. ನಾನು ಕಾಫಿ ಹಂಚುತ್ತ ಅದನ್ನು ನೋಡಿದೆ.

ಆಗ ಟಿವಿಯಲ್ಲಿ, ಗೇಟಿನ ಹತ್ತಿರ, ಪಟ್ಟೆ ನೆರಳಿನ ಕೆಳಗೆ, ಅಪ್ಪ ಕೂತಿದ್ದ. ನಡುಮಧ್ಯಾಹ್ನ. ಮೀಸೆಯ ಎರಡೂ ತುದಿ ಸಮೇತ. ಮುರುಗೇಶಪ್ಪನವರು ಟಿವಿ ನೋಡಿದವರೇ ಹೊರಗೆ ಓಡಿ ಅಪ್ಪನ ಕೈ ಹಿಡಿದು ಕುಲುಕಿದರು.

"ಬಂದ್ಯಲ್ಲೋ ಹೊನ್ನಯ್ಯ!"

"ಬಂದೆ ಯಜಮಾನ್ರೇ," ಎಂದ ಅಪ್ಪ. ಆ ದಿನ ಅವನೂ ನಂಬಿದ ಎಂದು ಕಾಣುತ್ತದೆ. ಹೋಳಿಗೆ ಇನ್ನೊಂದು ಹಾಕಿಸಿಕೊಂಡ.

ಸೋಮವಾರ ಶಾಮಿಯಾನದವರು ಬಂದು ಶಾಮಿಯಾನ ಬಿಚ್ಚಿದರು. ಅದರ ನೆರಳಿಗೆ ಹೊಂದಿಸಿದ್ದ ಕ್ಯಾಮೆರಾದ ಮುಂದೆ ಬಿಸಿಲು ಒಮ್ಮೆಲೇ ಬಿದ್ದಿತು. ಮೊದಲು ಬಿಳಿ ಬಟ್ಟೆಯ ಅಪ್ಪ ಒಬ್ಬನೇ ಪೂರ್ತಿ ಮಾಯವಾಗುತ್ತಿದ್ದ. ಈಗ ಅಪ್ಪ, ಗೇಟು, ಗೇಟಿನ ಕಂಬ, ಹಾಲಿನ ಗಾಡಿ, ಸ್ಕೂಲು ವ್ಯಾನು, ಎದುರು ಮನೆ, ಅದರ ಟ್ಯಾಂಕಿ ಎಲ್ಲವೂ ಹೋದವು. ಜನ ಪೋರ್ಟಿಕೋಗೆ ಕಾಲಿಟ್ಟಾಗ ಹಾಲಿನೊಳಗಿಂದ ಎದ್ದು ಬಂದ ಹಾಗೆ ಹುಟ್ಟುತ್ತಿದ್ದರು.

ಮುರುಗೇಶಪ್ಪನವರು ಫೋನು ಮಾಡಿದರು. ವೀರೇಂದ್ರ ಈಗ ಎತ್ತಿದ.

"ಅಲ್ಲ ಮಾವ, ಎಲ್ಲಾರೂ ಕಂಡ್ರಲ್ಲ ಅವತ್ತು? ನೀವೇ ನೋಡಿದ್ರಲ್ಲ? ನಾನು ಮಾಡಿದ್ದು ಸರಿ ಇದೆ. ಆಮೇಲೆ ನೀವು ಶಾಮಿಯಾನ ತೆಗೆದ್ರೆ ನಾನೇನು ಮಾಡ್ಲಿ? ಅದಕ್ಕೆ ಮತ್ತೆ ಅಲ್ಲಿಗೇ ಬಂದು ಲ್ಯಾಪ್‌ಟಾಪ್ ಸಿಕ್ಕಿಸ್ಬೇಕು. ನನಗೀಗ ದಾವಣಗೆರೆ ಕಡೆ ಕೆಲಸ ಇದೆ."

ಕಮಿಟಿಯವರು ಆ ವಾರದ ರೆಕಾರ್ಡು ನೋಡಿ ಹೊಸ ತೀರ್ಮಾನಕ್ಕೆ ಬಂದರು. ಮುರುಗೇಶಪ್ಪನವರು ಅದನ್ನು ತಗ್ಗಿದ ದನಿಯಲ್ಲಿ ಅಪ್ಪನಿಗೆ ಹೇಳಿದರು.

"ಹಗಲು ಹೊತ್ತು ಈ ಗೇಟಲ್ಲಿ ಯಾರೂ ಬರಲ್ಲ, ಹೋಗಲ್ಲ. ಗೇಟೇ ಇಲ್ಲ ಅಂತಾನೂ ಒಬ್ರು ಬರೆದಿದಾರೆ. ಯಾರೂ ಬರದ ಗೇಟಿಗೆ ಹಗಲು ಕಾವಲು ಯಾಕೆ ಅಂತ ಕೇಳ್ತಿದಾರೆ. ರಾತ್ರಿಗೆ ಮಾತ್ರ ಏಜೆನ್ಸಿ ಹುಡುಗ ಸಾಕಂತೆ. ಒಂದನೇ ತಾರೀಕಿಗೆ ರೂಮು ಬಿಡು ಮಾರಾಯ."

"ನೀವು ಕಾರಲ್ಲಿ ಬಂದ್ರಲ್ಲ ಈಗ? ಗೇಟು ತೆಗೆದಿದ್ದು ನಾನೇ."

"ಕಾರು ಕಾಣಲ್ಲ. ಆದ್ರೆ ನಾನು ಪೋರ್ಟಿಕೋದಲ್ಲಿ ಚೆನ್ನಾಗಿ ಕಾಣ್ತೀನಿ. ನನ್ನ ಬಗ್ಗೆ ಯಾರೂ ಏನೂ ಅಂದಿಲ್ಲ."

ಆ ಸಂಜೆ ಅಮ್ಮ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಕಟ್ಟತೊಡಗಿದಳು. ಅಪ್ಪ ಆಫೀಸಿಗೆ ಬಂದು ಟಿವಿಯ ಮುಂದೆ ನಿಂತ, ಬಿಳಿ ಜಾಗವನ್ನು ನೋಡಿದ. "ನಾನು ಎಲ್ಲಿರ್ತೀನಿ ಇದರಲ್ಲಿ?" ಎಂದು ಕೇಳಿದ. ನಾನು ಬೆರಳಿಟ್ಟು ತೋರಿಸಿದೆ. ಅವನು ಹತ್ತಿರ ಹೋಗಿ ನೋಡಿದ. "ಇಲ್ಲ ಬಿಡು," ಎಂದ. ಆ ಮಾತು ನನಗೆ ಹೆದರಿಕೆ ತಂದಿತು.

ಮಾರನೆಯ ದಿನ ನಾನು ಒಬ್ಬಳೇ ಭದ್ರಾವತಿಯ ಬಸ್ಸು ಹತ್ತಿದೆ. ನನಗೆ ಬೇಕಾಗಿದ್ದು ಒಂದೇ: ವೀರಮ್ಮ ನಡುಮಧ್ಯಾಹ್ನ ಅಪ್ಪನ ಕುರ್ಚಿಯಲ್ಲಿ ಕೂರಬೇಕು, ಮಗ ಜೊತೆಗಿರಬೇಕು. ಅವರನ್ನು ಕರೆಯಲು ಕುಂಕುಮ ಬೇಕು. ನಮ್ಮ ಮನೆಯಲ್ಲಿ ಭರಣಿ ಇಲ್ಲ, ಮಾತ್ರೆಯ ಡಬ್ಬಿಯಲ್ಲಿ ಹಾಕಿಕೊಂಡೆ. ದಾರಿಯಲ್ಲಿ ಹೇಳಬೇಕಾದ ಮಾತನ್ನು ಬಾಯಲ್ಲಿ ತಿರುಗಿಸುತ್ತ ಹೋದೆ. ಬಾಗಿಲಲ್ಲಿ ನಿಂತಾಗ ಒಂದೂ ಉಳಿದಿರಲಿಲ್ಲ. ಡಬ್ಬಿ ಮುಂದೆ ಚಾಚಿದೆ.

"ನೀನು ಹಣ್ಣಿನ ಚೀಲದವಳಲ್ವಾ?" ಎಂದರು ವೀರಮ್ಮ. "ಪುಷ್ಪ ಕಳಿಸಿದ್ಲಾ?"

"ಇಲ್ಲ. ನಾನೇ. ನಮ್ಮನೆಗೆ ಬನ್ನಿ."

"ಏನ್ ಕಾರ್ಯ?"

"ಏನೂ ಇಲ್ಲ."

ವೀರಮ್ಮ ನನ್ನನ್ನು ಕೂರಿಸಿ ತಾವೂ ಎದುರು ಕೂತರು. "ನಿನ್ನ ನೋಡಕ್ಕೆ ಗಂಡಿನ ಕಡೆಯವರು ಬರ್ತಾರಾ?"

"ಇಲ್ಲ."

"ಮನೆ ಕಟ್ಟಿಸ್ತಿದೀರಾ?"

"ಇರೋ ರೂಮೇ ಬಿಡಿಸ್ತಿದಾರೆ."

"ಮನೆ ಬಿಡೋದಕ್ಕೆ ಯಾರಾದ್ರೂ ಕುಂಕುಮ ಕೊಟ್ಟು ಕರೀತಾರಾ? ಮತ್ತೆ ಯಾತಕ್ಕೆ ಮಾರಾಯ್ತಿ?"

"ಕಾಫಿಗೆ. ಮಂಡಕ್ಕಿನೂ ಮಾಡ್ತೀನಿ."

"ಬರೀ ಕಾಫಿಗಾ?" ಅವರು ಡಬ್ಬಿ ಇಸಿದುಕೊಂಡು ಒಳಗೆ ನೋಡಿದರು. ಒಳಗೆ ಕುಂಕುಮವೇ ಇತ್ತು. "ಅರವತ್ತು ವರ್ಷ ಆಯ್ತು, ನನ್ನ ಬರೀ ಕಾಫಿಗೆ ಅಂತ ಕುಂಕುಮ ಕೊಟ್ಟು ಕರೆದೋರು ಯಾರೂ ಇಲ್ಲ. ಏನೋ ಇದೆ. ನೀನು ಹೇಳ್ತಿಲ್ಲ." ಹಾಗೆಂದು ಹಣೆ ಮುಂದೆ ತಂದರು. ನಾನು ಹಚ್ಚುವಾಗ ಕುಂಕುಮ ಅವರ ಮೂಗಿನ ಮೇಲೆಲ್ಲ ಉದುರಿತು. ಅವರು ಒರೆಸಿಕೊಳ್ಳಲಿಲ್ಲ.

ಗುರುವಾರ ಮಧ್ಯಾಹ್ನ ಅವರು ಮಗನ ಬೈಕಿನಲ್ಲಿ ಬಂದು ಇಳಿದರು. ದಾವಣಗೆರೆಗೆ ಹೊರಟಿದ್ದವನನ್ನು ಹಾಗೇ ತಿರುಗಿಸಿಕೊಂಡು ಬಂದಿದ್ದರು. ಲ್ಯಾಪ್‌ಟಾಪ್ ಬ್ಯಾಗು ಅವನ ಬೆನ್ನ ಮೇಲೇ ಇತ್ತು. ಹೊಸ ಸೀರೆ, ಚಿಂತಾಮಣಿ ಬಣ್ಣದ್ದು. ಮೊದಲು ಗೇಟಿನ ಮೇಲೆ ತೋರಣ ಹುಡುಕಿದರು. ಆಮೇಲೆ ನಮ್ಮ ರೂಮಿನೊಳಗೆ ಬಗ್ಗಿ, ಕಟ್ಟಿಟ್ಟ ಪಾತ್ರೆಗಳ ಗಂಟಿನ ಹಿಂದೆ ಕಲಶವೇನಾದರೂ ಇದೆಯಾ ಎಂದು ನೋಡಿದರು. ಏನೂ ಸಿಗಲಿಲ್ಲ.

"ಕೂತ್ಕೊಳ್ಳಿ," ಎಂದೆ. ನಮ್ಮಲ್ಲಿ ಕೈ ಇರುವ ಕುರ್ಚಿ ಅದೊಂದೇ. ಅಪ್ಪ ಎದ್ದು ಅದನ್ನು ಟವೆಲಿನಿಂದ ಒರೆಸಿದ. ವೀರಮ್ಮ ಕೂತು ಕಾಫಿ ಲೋಟ ಹಿಡಿದರು. ಬಿಸಿಲು ಸುಡುತ್ತಿತ್ತು, ಅವರು ಸೆರಗು ತಲೆಯ ಮೇಲೆ ಎಳೆದುಕೊಂಡರೇ ಹೊರತು ಜಾಗ ಬದಲಿಸಲಿಲ್ಲ. ಕರೆದವರು ಕೂರಿಸಿದಲ್ಲಿ ಕೂರಬೇಕು ಎನ್ನುವವರು ಅವರು.

"ಅಣ್ಣ, ಟಿವಿ ನೋಡಿ ಒಂದ್ಸಲ," ಎಂದೆ ವೀರೇಂದ್ರನಿಗೆ. ಅವನು ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ಆಫೀಸಿನೊಳಗೆ ಬಂದ. ನೋಡಿದ. ಅಗಿಯುವುದನ್ನು ನಿಲ್ಲಿಸಿದ.

"ಅವ್ವ ಎಲ್ಲಿ?"

"ಕುರ್ಚೀಲಿ."

"ಯಾವ ಕುರ್ಚಿ? ಕುರ್ಚಿ ಎಲ್ಲಿದೆ?" ಬಾಗಿಲಿಗೆ ಓಡಿ ಹೊರಗೆ ನೋಡಿದ, ತಾಯಿ ಕಾಫಿ ಕುಡಿಯುತ್ತಿದ್ದರು. ತಿರುಗಿ ಬಂದು ಟಿವಿ ನೋಡಿದ, ಇರಲಿಲ್ಲ. ಮತ್ತೆ ಬಾಗಿಲಿಗೆ ಹೋದ. "ಅವ್ವಾ, ಕೈ ಎತ್ತು!"

"ಯಾಕೋ?"

"ಎತ್ತು ಅಂದ್ರೆ ಎತ್ತು!"

ವೀರಮ್ಮ ಕೈ ಎತ್ತಿದರು. ಟಿವಿಯಲ್ಲಿ ಎಲ್ಲೂ ಏನೂ ಅಲುಗಲಿಲ್ಲ. ಅಷ್ಟರಲ್ಲಿ ವೀರಮ್ಮ ತಾವೇ ಎದ್ದು ಒಳಗೆ ಬರಲು ನೋಡಿದರು.

"ನೀವು ಅಲ್ಲೇ ಇರಿ," ಎಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದು ಕೇಳಿ ಪೋರ್ಟಿಕೋದಲ್ಲಿ ಮುರುಗೇಶಪ್ಪನವರೂ ತಲೆ ಎತ್ತಿದರು. "ನೀವು ಇದರಲ್ಲಿ ಕಾಣ್ತಿಲ್ಲ. ಅಪ್ಪನೂ ದಿನಾ ಹಾಗೇ ಕಾಣಲ್ಲ. ಅದಕ್ಕೇ ಅಪ್ಪ ಬರ್ತಿಲ್ಲ ಅಂತ ರೂಮು ಬಿಡಿಸ್ತಿದಾರೆ."

ವೀರಮ್ಮ ಅಲ್ಲೇ ಮತ್ತೆ ಕೂತರು. "ನಾನು ಬಂದಿದೀನೋ ಇಲ್ವೋ, ವೀರೇಂದ್ರ?"

"ಬಂದಿದೀಯ ಅವ್ವ."

"ಹಾಗಾದ್ರೆ ತೋರ್ಸು. ಕುಂಕುಮ ಕೊಟ್ಟು ಕರೆದಿದಾಳೆ, ಬಂದಿದೀನಿ. ಬಂದಿಲ್ಲ ಅಂತ ನಾಳೆ ಯಾರೂ ಅನ್ಬಾರ್ದು."

ಅವನು ಬೇಗ ಬೇಗ ವೈರು ಸಿಕ್ಕಿಸಿದ. ಮೊದಲು ಟ್ಯಾಂಕಿ ಬಂತು. ಗೇಟು ಬಂತು. ಗೇಟಿನ ಸರಳುಗಳು ಒಂದೊಂದಾಗಿ ಬಿಳಿಯಿಂದ ಬೇರೆಯಾದವು. ಕುರ್ಚಿ, ಸೆರಗು, ಲೋಟ. "ಸೀರೆ ಬಣ್ಣ?" ಎಂದು ಹೊರಗಿನಿಂದ ಕೂಗಿದರು. ಅವನು ಇನ್ನೂ ಇಳಿಸಿದ. "ಮೂಗುಬೊಟ್ಟು?" ಎಂದರು. ಇನ್ನೂ ಇಳಿಸಿದ, ಕೊನೆಗೆ ಮೂಗುಬೊಟ್ಟು ಒಂದು ಚುಕ್ಕೆಯಾಗಿ ಮಿಂಚಿತು. ಅವರ ಪಕ್ಕದಲ್ಲಿ ಟವೆಲು ಹಿಡಿದು ನಿಂತಿದ್ದ ಅಪ್ಪನ ಅಂಗಿಯ ಜೇಬು, ಜೇಬಿನೊಳಗಿನ ಬೀಡಿ ಕಟ್ಟು ಕೂಡ ಕಂಡಿತು. ಅವನು ಅದನ್ನು ಬಿಟ್ಟಿದ್ದೇನೆ ಎಂದು ಅಮ್ಮನಿಗೆ ಹೇಳಿದ್ದ.

ಹೋಗುವಾಗ ವೀರಮ್ಮ ನನ್ನ ಕಿವಿಯ ಹತ್ತಿರ, "ಈಗಲಾದ್ರೂ ಹೇಳು, ಏನಿತ್ತು ಕಾರ್ಯ?" ಎಂದು ಕೇಳಿದರು. ಇದೇ ಎಂದೆ. ಅವರು ನಂಬಲಿಲ್ಲ.

ಅಪ್ಪ ಈಗ ಬೆಳಗ್ಗೆಯಿಂದಲೇ ಡ್ಯೂಟಿಗೆ ಬರುತ್ತಿದ್ದಾನೆ ಎಂದು ಕಮಿಟಿಯವರು ಒಪ್ಪಿಕೊಂಡರು. ಅಮ್ಮ ಪಾತ್ರೆಗಳ ಗಂಟು ಬಿಚ್ಚಿದಳು. ಆದರೆ ಬಿಸಿಲು ಕಾಣುವ ಹಾಗೆ ಮಾಡಿದ ಮೇಲೆ ನೆರಳಿನ ಅರ್ಧ ಕಪ್ಪಾಗಿ ಹೋಗಿತ್ತು. ಪೋರ್ಟಿಕೋ ಇದ್ದಲ್ಲಿ ಬಾವಿಯ ಬಾಯಿಯ ಹಾಗೆ ಒಂದು ಕತ್ತಲೆ. ಅದರೊಳಗೆ ಮೇಜು, ಕುರ್ಚಿ, ಮುರುಗೇಶಪ್ಪನವರು.

ಕಾರ್ಯದರ್ಶಿಗಳು ಇತ್ತೀಚೆಗೆ ಆಫೀಸಿಗೇ ಬರುತ್ತಿಲ್ಲವಲ್ಲ ಎಂದು ಒಂದು ಬೆಳಗ್ಗೆ ಗ್ರೂಪಿನಲ್ಲಿ ಯಾರೋ ಕೇಳಿದರು. ಇಲ್ಲೇ ಇದ್ದೇನೆ ಎಂದು ಮುರುಗೇಶಪ್ಪನವರು ಬರೆದರು. ರೆಕಾರ್ಡಿನಲ್ಲಿ ಇಲ್ಲ ಎಂದು ಉತ್ತರ ಬಂತು. ಹೊಸ ಕಾರ್ಯದರ್ಶಿಯನ್ನು ಆರಿಸುವ ಮಾತೂ ಬಂತು. ಅವರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಿಸಿಲಿಗೆ ನಡೆದರು.

ನಾನು ಟಿವಿಯ ಮುಂದೆ ನಿಂತು ನೋಡಿದೆ. ಕತ್ತಲೆಯೊಳಗಿನಿಂದ ಮೊದಲು ಕುರ್ಚಿಯ ಕಾಲು ಹೊರಬಂತು, ಆಮೇಲೆ ಅವರು. ಅಪ್ಪನ ಪಕ್ಕದಲ್ಲಿ ಕುರ್ಚಿ ಹಾಕಿ ಕೂತರು, ಕ್ಯಾಮೆರಾದ ಕಡೆ ತಿರುಗಿ ಒಂದು ಸಲ ನೋಡಿದರು, ಪೇಪರ್ ಬಿಡಿಸಿದರು. ಅವರ ಬೋಳುತಲೆಯ ಮೇಲೆ ಬೆವರು ಆಗಲೇ ಹನಿಯುತ್ತಿತ್ತು.

"ಹೊನ್ನಯ್ಯ," ಎಂದದ್ದು ಕಿಟಕಿಯಿಂದ ಕೇಳಿಸಿತು, "ಸ್ವಲ್ಪ ಆ ಕಡೆ ಸರಿ ಮಾರಾಯ. ನಿನ್ನ ನೆರಳು ನನ್ ಮೇಲೆ ಬೀಳ್ತಿದೆ."

ಅಪ್ಪ ಸರಿದು ಕೂತ.